ಬಸ್ಸಿನಲ್ಲಿ ಆದ ಗಾಯ, ಕೋರ್ಟಿನಲ್ಲಿ ಕೇಳುವ ಲೆಕ್ಕ

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಗಳಿಂದ ಹೊರಬಿದ್ದರೆ ಒಂದು ಕಡೆ ಹೊಸೂರು ರಸ್ತೆ, ಇನ್ನೊಂದು ಕಡೆ ಎಲ್ಲರೂ ಡಬಲ್ ರೋಡ್ ಎನ್ನುವ ಕೆಂಗಲ್ ಹನುಮಂತಯ್ಯ ರಸ್ತೆ. ಶಾಂತಿನಗರ ಬಸ್ ನಿಲ್ದಾಣ ಇರುವುದು ಅಲ್ಲೇ. ಬಿಎಂಟಿಸಿಯ ಕೇಂದ್ರ ಕಚೇರಿ, ಕೆಎಸ್‌ಆರ್‌ಟಿಸಿಯ ಕೇಂದ್ರ ಕಚೇರಿ ಎರಡೂ ಅದೇ ರಸ್ತೆಯಲ್ಲಿವೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಕೆಲಸ ಮಾಡುವ ನ್ಯಾಯದೇಗುಲ ಕಟ್ಟಡ ಎಚ್. ಸಿದ್ದಯ್ಯ ರಸ್ತೆಯಲ್ಲಿದೆ. ಇವೆಲ್ಲದರ ಪಿನ್‌ಕೋಡ್ ಒಂದೇ, 560027. ತಲೆಗೆ ಪೆಟ್ಟಾದವರನ್ನು ಕರೆದೊಯ್ಯುವ ನಿಮ್ಹಾನ್ಸ್, ಮೂಳೆ ಮುರಿದವರನ್ನು ಸೇರಿಸುವ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆ, ವಿಲ್ಸನ್ ಗಾರ್ಡನ್ ಸಂಚಾರ ಪೊಲೀಸ್ ಠಾಣೆ, ಇವೂ ದೂರವಿಲ್ಲ. ಸಿಟಿ ಬಸ್ಸಿನಿಂದ ಗಾಯಗೊಂಡವರು ಪರಿಹಾರಕ್ಕಾಗಿ ಮುಟ್ಟಬೇಕಾದ ಬಾಗಿಲುಗಳಲ್ಲಿ ಹೆಚ್ಚಿನವು ಈ ಒಂದೇ ಪ್ರದೇಶದಲ್ಲಿ ಕೂಡಿಕೊಂಡಿವೆ.

ಆದರೂ ಎಷ್ಟೋ ಮಂದಿ ಆ ಬಾಗಿಲುಗಳ ತನಕ ಹೋಗುವುದೇ ಇಲ್ಲ. ಹೋದವರಲ್ಲೂ ಹಲವರು ತಮಗೆ ಸಲ್ಲಬೇಕಾದ್ದಕ್ಕಿಂತ ಕಡಿಮೆ ಪಡೆದು ಹಿಂತಿರುಗುತ್ತಾರೆ. ಕಾನೂನಿನಲ್ಲಿ ಹಕ್ಕು ಇಲ್ಲದ್ದು ಇದಕ್ಕೆ ಕಾರಣವಲ್ಲ. ಮೊದಲ ಕೆಲವು ದಿನಗಳಲ್ಲಿ ಹುಟ್ಟಬೇಕಾದ ಕಾಗದಗಳು ಹುಟ್ಟಿರುವುದಿಲ್ಲ, ಹುಟ್ಟಿದ್ದರೂ ತಪ್ಪು ಬರೆದಿರುತ್ತದೆ. ಆಮೇಲೆ ನಷ್ಟದ ಲೆಕ್ಕ ಹೇಳುವಾಗ ಮುರಿದ ಮೂಳೆಯ ಮಾತು ಬರುತ್ತದೆಯೇ ಹೊರತು ಕೈತಪ್ಪಿದ ಕೆಲಸದ ಮಾತು ಬರುವುದಿಲ್ಲ. ಬಸ್ ಪ್ರಕರಣಗಳು ಸೋಲುವುದು, ಸೊರಗುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲಿ.

ಸಿಟಿ ಬಸ್ಸಿನ ಗಾಯ ಹೆದ್ದಾರಿಯ ಅಪಘಾತದಂತಲ್ಲ. ಇಳಿಯುವವರ ಎರಡನೇ ಕಾಲು ನೆಲ ಮುಟ್ಟುವ ಮೊದಲೇ ಬಸ್ ಹೊರಡುತ್ತದೆ. ಕಂಬಿ ಹಿಡಿಯುವಷ್ಟರಲ್ಲಿ ಬ್ರೇಕ್ ಬಿದ್ದು ನಿಂತವರು ಮುಗ್ಗರಿಸುತ್ತಾರೆ. ತಿರುವಿನಲ್ಲಿ ಬಸ್ಸಿನ ಹಿಂಭಾಗ ಸ್ಕೂಟರ್ ಸವಾರರನ್ನು ಒತ್ತಿಕೊಂಡು ಹೋಗುತ್ತದೆ. ನೋಡಿದವರ ಕಣ್ಣಿಗೆ ಇವು ಸಣ್ಣ ಘಟನೆಗಳು. ಆದರೆ ಅರವತ್ತು ದಾಟಿದ ಹೆಂಗಸಿನ ಸೊಂಟದ ಮೂಳೆಗೆ ಫುಟ್‌ಬೋರ್ಡಿನ ಎತ್ತರ ಸಾಕು. ಬಿದ್ದವರ ಸುತ್ತ ಜನ ಸೇರುತ್ತಾರೆ, ಯಾರೋ ನೀರು ಕೊಡುತ್ತಾರೆ, ಆಟೋ ಬರುತ್ತದೆ. "ಅಮ್ಮಾ, ಕೇಸು ಗೀಸು ಅಂತ ಯಾಕೆ, ಆಸ್ಪತ್ರೆ ಖರ್ಚು ನಾವು ನೋಡ್ಕೋತೀವಿ" ಎಂಬ ಮಾತೂ ಕೇಳಿಬರುತ್ತದೆ. ಹಾಗೆನ್ನುವ ಚಾಲಕ ಕೆಟ್ಟವನೇ ಆಗಿರಬೇಕಿಲ್ಲ. ಪ್ರಕರಣ ದಾಖಲಾದರೆ ಇಲಾಖಾ ವಿಚಾರಣೆ ಎದುರಿಸಬೇಕಾದ ಭಯ ಅವನಿಗೂ ಇದೆ. ಆದರೆ ಕೈಯಲ್ಲಿ ಕೊಡುವ ಎರಡು ಮೂರು ಸಾವಿರ ರೂಪಾಯಿ ಎಕ್ಸ್‌ರೇ, ಪಟ್ಟಿ, ಮಾತ್ರೆಗೆ ಸರಿಹೋಗುತ್ತದೆ. ಆರು ತಿಂಗಳು ಮನೆಯಲ್ಲೇ ಉಳಿದವರ ಸಂಬಳವನ್ನು ಅದು ತುಂಬುವುದಿಲ್ಲ.

ಮೊದಲ ಕಾಗದ ಹುಟ್ಟುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ. ಅಪಘಾತದ ಗಾಯಾಳು ಬಂದರೆ ವೈದ್ಯರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ: ಗಾಯ ಹೇಗಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಕರೆತಂದವರು ಯಾರು. ಗಾಬರಿಯಲ್ಲಿರುವ ನೆಂಟರು "ಬಸ್ಸಿಂದ ಜಾರಿ ಬಿದ್ರು" ಎಂದರೆ ಅದೇ ದಾಖಲಾಗುತ್ತದೆ. ಮುಂದೆ ಪಾಟೀಸವಾಲಿನಲ್ಲಿ ಸಾರಿಗೆ ನಿಗಮದ ವಕೀಲರು ಎತ್ತಿ ಹಿಡಿಯುವುದು ಈ ಸಾಲನ್ನೇ. ಪ್ರಯಾಣಿಕರು ತಾವಾಗಿ ಜಾರಿದ್ದಾರೆ, ಇದರಲ್ಲಿ ಚಾಲಕನ ನಿರ್ಲಕ್ಷ್ಯ ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. "ಇಳಿಯುತ್ತಿದ್ದಾಗ ಬಸ್ ಹಠಾತ್ತನೆ ಚಲಿಸಿದ್ದರಿಂದ ಬಿದ್ದರು" ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿ ಬರೆಸಿದ್ದರೆ ಆ ಪ್ರಶ್ನೆಗೆ ಜಾಗವೇ ಇರುತ್ತಿರಲಿಲ್ಲ. ಸುಳ್ಳು ಸೇರಿಸುವುದು ಬೇಡ, ಪೂರ್ತಿ ಸತ್ಯ ಹೇಳಿದರೆ ಸಾಕು.

ಎರಡನೆಯದು ಪೊಲೀಸ್ ದೂರು. ಅಪಘಾತ ನಡೆದ ಜಾಗ ಯಾವ ಸಂಚಾರ ಠಾಣೆಯ ವ್ಯಾಪ್ತಿಯಲ್ಲಿದೆಯೋ ಅಲ್ಲಿ ದೂರು ಕೊಡಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿರುವುದರಿಂದ ಅಜಾಗರೂಕ ಚಾಲನೆಗೆ ಕಲಂ 281, ಗಾಯಪಡಿಸಿದ್ದಕ್ಕೆ ಕಲಂ 125 ಹಾಕುತ್ತಾರೆ. ಗಾಯಾಳುವೇ ಠಾಣೆಗೆ ಹೋಗಬೇಕೆಂದೇನಿಲ್ಲ, ಮನೆಯವರೋ ಕಣ್ಣಾರೆ ಕಂಡವರೋ ದೂರು ಕೊಡಬಹುದು. ಒಂದೆರಡು ದಿನ ತಡವಾದರೆ ಎಲ್ಲವೂ ಮುಗಿಯಿತು ಎಂಬ ಭಯವೂ ಬೇಡ. ಜೀವ ಉಳಿಸಿಕೊಳ್ಳುವ ಓಡಾಟದಲ್ಲಿ ಇರುವವರು ಮೊದಲು ಠಾಣೆಗೆ ಓಡಲಿ ಎಂದು ನಿರೀಕ್ಷಿಸಲಾಗದು, ವಿಳಂಬವೊಂದೇ ಪರಿಹಾರ ನಿರಾಕರಿಸಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ತಡವಾಗಿದ್ದರೆ ಕಾರಣವನ್ನು ದೂರಿನಲ್ಲೇ ಬರೆಯಬೇಕು.

ಬಸ್ಸಿನ ನಂಬರ್ ಬೇಕೇ ಬೇಕು. ಮಾರ್ಗದ ಸಂಖ್ಯೆ ನೆನಪಿದ್ದರೆ ಸಾಲದು. ಒಂದೇ ಮಾರ್ಗದಲ್ಲಿ ಗಂಟೆಗೆ ಹಲವು ಬಸ್ಸುಗಳು ಓಡುತ್ತವೆ. ಕೆಎ 57 ಎಂದು ಶುರುವಾಗುವ ಫಲಕವನ್ನು ನಗರದ ಬಸ್ಸುಗಳಲ್ಲಿ ಬಹಳ ಮಂದಿ ನೋಡಿರುತ್ತಾರೆ. ಅದು ಶಾಂತಿನಗರದ ನೋಂದಣಿ. ನಂತರ ಬರುವ ಎಫ್ ಅಕ್ಷರ ಸಾರಿಗೆ ನಿಗಮದ ಬಸ್ಸಿನ ಗುರುತು. ಅಕ್ಕಪಕ್ಕದವರು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ಎಷ್ಟೋ ತಿಂಗಳ ತಕರಾರು ತಪ್ಪುತ್ತದೆ. ಅನೇಕ ಬಸ್ಸುಗಳಲ್ಲಿ ಈಗ ಕ್ಯಾಮೆರಾ ಇರುವುದರಿಂದ, ಆ ದಿನದ ದೃಶ್ಯಾವಳಿಯನ್ನು ಅಳಿಸದೆ ಉಳಿಸಿಡಬೇಕೆಂದು ತನಿಖಾಧಿಕಾರಿಗೂ ಡಿಪೋ ವ್ಯವಸ್ಥಾಪಕರಿಗೂ ಬರವಣಿಗೆಯಲ್ಲಿ ಕೋರಿ, ಸ್ವೀಕೃತಿ ಪಡೆಯಬೇಕು.

ಟಿಕೆಟ್ಟಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರು ಶೂನ್ಯ ಟಿಕೆಟ್‌ನಲ್ಲಿ ಓಡಾಡುತ್ತಿದ್ದಾರೆ. ಬಿಟ್ಟಿ ಪ್ರಯಾಣ ಮಾಡಿದವರಿಗೆ ಪರಿಹಾರ ಎಲ್ಲಿಂದ ಬಂತು ಎಂದು ಕೆಲವು ಹೆಂಗಸರೇ ಅಂದುಕೊಳ್ಳುವುದುಂಟು. ಇದು ತಪ್ಪು ತಿಳಿವಳಿಕೆ. ಪರಿಹಾರದ ಹಕ್ಕು ಟಿಕೆಟ್ಟಿನ ಬೆಲೆಯಿಂದ ಬಂದದ್ದಲ್ಲ, ವಾಹನದ ಬಳಕೆಯಿಂದ ಗಾಯವಾಯಿತೆಂಬ ಸಂಗತಿಯಿಂದ ಬಂದದ್ದು. ಬಸ್ ಹತ್ತದೇ ರಸ್ತೆ ಬದಿಯಲ್ಲಿ ನಡೆಯುತ್ತಿದ್ದವರಿಗೂ ಅದು ಇದೆ. ಹಾಗಾದರೆ ಆ ಶೂನ್ಯ ಟಿಕೆಟ್ ಯಾಕೆ ಬೇಕು? ಇಂಥ ದಿನ, ಇಂಥ ಹೊತ್ತಿಗೆ, ಇಂಥ ಬಸ್ಸಿನಲ್ಲಿ ಆಕೆ ಇದ್ದಳು ಎಂಬುದಕ್ಕೆ ಅದೇ ಪುರಾವೆ. ಶಾಯಿ ಬೇಗ ಮಾಸುವ ಆ ಚೀಟಿಯನ್ನು ಅದೇ ದಿನ ಫೋಟೋ ತೆಗೆದಿಡುವುದು ಒಳ್ಳೆಯದು.

ಪೊಲೀಸರು ಮಾಡಬೇಕಾದ ಕೆಲಸವನ್ನೂ ಕಾನೂನು ಈಗ ದಿನ ಎಣಿಸಿ ಹೇಳಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. 10 ದಿನದೊಳಗೆ ಗಾಯಾಳುವಿಗೆ ಅವರ ಹಕ್ಕುಗಳನ್ನು ತಿಳಿಸುವ ನಮೂನೆ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರವಾದ ವರದಿ ಸಲ್ಲಿಸಬೇಕು. ಉತ್ತರ ಪ್ರದೇಶದ ಸಾರಿಗೆ ನಿಗಮವೊಂದು ಎದುರು ಕಕ್ಷಿಯಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್ 15ರಂದು ಈ ಕ್ರಮವನ್ನು ದೇಶದ ಎಲ್ಲ ಠಾಣೆಗಳೂ ಪಾಲಿಸಬೇಕೆಂದು ನಿರ್ದೇಶನ ಕೊಟ್ಟಿತು. ಠಾಣೆಯಲ್ಲಿ "ಆ ನಮೂನೆ ಕೊಡಿ ಸಾರ್" ಎಂದು ಕೇಳುವುದು ಉಪಕಾರ ಬೇಡಿದಂತಲ್ಲ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಆರೋಪಪಟ್ಟಿ, ಇವಿಷ್ಟೂ ಮುಂದೆ ಕೇಸಿನ ಬೆನ್ನೆಲುಬು.

ಚಿಕಿತ್ಸೆಯ ಹಣಕ್ಕೂ ಈಗ ಒಂದು ಆಸರೆ ಇದೆ. 2025ರ ಮೇ 5ರಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಗೆ ಸೇರಿಸುವಾಗಲೇ ಇದನ್ನು ಕೇಳಬೇಕು.

ಇನ್ನು ಎದುರಾಳಿ ಯಾರು? ಕಾರು, ಲಾರಿಯ ಅಪಘಾತವಾದರೆ ವಿಮಾ ಕಂಪನಿ ಎದುರು ನಿಲ್ಲುತ್ತದೆ. ಸರ್ಕಾರಿ ಬಸ್ಸಿನ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ರಾಜ್ಯ ಸಾರಿಗೆ ಸಂಸ್ಥೆಗಳಿಗೆ ಕಡ್ಡಾಯ ವಿಮೆಯಿಂದ ವಿನಾಯಿತಿ ಪಡೆಯಲು ಅವಕಾಶ ಕೊಟ್ಟಿದೆ. ಷರತ್ತು ಒಂದೇ: ಪರಿಹಾರ ಕೊಡಲು ಸಂಸ್ಥೆ ತನ್ನದೇ ನಿಧಿ ಇಟ್ಟಿರಬೇಕು. ಇದನ್ನು ಆಂತರಿಕ ವಿಮೆ ಎನ್ನುತ್ತಾರೆ. ಹೀಗಾಗಿ ಬಿಎಂಟಿಸಿ ಬಸ್ಸಿನಿಂದ ಗಾಯಗೊಂಡವರ ಅರ್ಜಿಯಲ್ಲಿ ಎದುರುದಾರರ ಜಾಗದಲ್ಲಿ ಬರುವುದು ಶಾಂತಿನಗರದ ಕೆ.ಎಚ್. ರಸ್ತೆಯ ಕೇಂದ್ರ ಕಚೇರಿಯಲ್ಲಿ ಕೂರುವ ವ್ಯವಸ್ಥಾಪಕ ನಿರ್ದೇಶಕರ ಹುದ್ದೆ. ಕೆಎಸ್‌ಆರ್‌ಟಿಸಿಯ ಭಾಗವಾಗಿದ್ದ ಬೆಂಗಳೂರು ಸಾರಿಗೆ ಸೇವೆ (ಬಿಟಿಎಸ್) 1997ರ ಆಗಸ್ಟ್ 15ರಂದು ಬಿಎಂಟಿಸಿ ಎಂಬ ಪ್ರತ್ಯೇಕ ನಿಗಮವಾದ ಮೇಲೆ ನಗರ ಸಾರಿಗೆಯ ಹೊಣೆ ಅದರದ್ದೇ. ಊರಿನಿಂದ ಬರುವ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಡಿಕ್ಕಿ ಹೊಡೆದಿದ್ದರೆ ಎದುರುದಾರರು ಆ ನಿಗಮ. ಎರಡೂ ಕಚೇರಿ ಒಂದೇ ರಸ್ತೆಯಲ್ಲಿದ್ದರೂ ನಿಗಮಗಳು ಬೇರೆ ಬೇರೆ. ಹೆಸರು ಅದಲುಬದಲಾದರೆ ಕೇಸು ಸುಮ್ಮನೆ ತಿಂಗಳುಗಟ್ಟಲೆ ಎಳೆಯುತ್ತದೆ.

ವಿದ್ಯುತ್ ಬಸ್ಸುಗಳು ಬಂದ ಮೇಲೆ ಇನ್ನೊಂದು ತೊಡಕು ಸೇರಿದೆ. ಬಿಎಂಟಿಸಿ ಹೆಸರಿನಲ್ಲಿ ಓಡುವ ಇಂಥ ಅನೇಕ ಬಸ್ಸುಗಳ ಮಾಲೀಕತ್ವ ಖಾಸಗಿ ಕಂಪನಿಯದ್ದು, ಚಾಲಕ ಕಂಪನಿಯವನು, ನಿರ್ವಾಹಕ ಮಾತ್ರ ನಿಗಮದವನು. ಬಾಡಿಗೆಗೆ ಪಡೆದ ಬಸ್ಸಾದರೂ ಅದರ ಓಡಾಟದ ಹಿಡಿತ ನಿಗಮದ ಕೈಯಲ್ಲಿದ್ದರೆ ನಿಗಮವೂ ಹೊಣೆಗಾರ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ಹೇಳಿತ್ತು. 2011ರಲ್ಲಿ ಉತ್ತರ ಪ್ರದೇಶದ ಪ್ರಕರಣದಲ್ಲಿ ಅಂಥ ಬಸ್ಸಿನ ವಿಮಾ ಕಂಪನಿಯ ಮೇಲೂ ಹೊಣೆ ಹಾಕಿತು. ಗಾಯಾಳುವಿನ ಮಟ್ಟಿಗೆ ಕ್ಷೇಮದ ದಾರಿ ಎಂದರೆ ಕಂಪನಿ, ವಿಮಾ ಕಂಪನಿ, ನಿಗಮ ಮೂವರನ್ನೂ ಎದುರುದಾರರನ್ನಾಗಿ ಮಾಡುವುದು. ಯಾರು ಎಷ್ಟು ಕೊಡಬೇಕೆಂಬ ಜಗಳ ಅವರ ನಡುವೆ ಇರಲಿ.

ಅರ್ಜಿ ಹಾಕುವುದು ಮೋಟಾರು ವಾಹನ ಕಾಯ್ದೆ 1988ರ 166ನೇ ಕಲಂ ಅಡಿಯಲ್ಲಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಮಂಡಳಿಯ ಕೆಲಸ ಮಾಡುತ್ತದೆ. ವಕೀಲರ ಬಾಯಲ್ಲಿ ಇದು ಎಂವಿಸಿ ಕೇಸು. ಅಪಘಾತ ನಡೆದ ಊರಿನಲ್ಲಿ ಮಾತ್ರವಲ್ಲ, ಗಾಯಾಳು ವಾಸವಿರುವ ಊರಿನಲ್ಲೂ ಅರ್ಜಿ ಹಾಕಬಹುದು. ವಿಲ್ಸನ್ ಗಾರ್ಡನ್ನಿನಲ್ಲಿ ಮಗಳ ಮನೆಗೆ ಬಂದು ಬಸ್ಸಿನಿಂದ ಬಿದ್ದ ಮಂಡ್ಯದ ತಾಯಿ ಪ್ರತಿ ತಾರೀಖಿಗೂ ಬೆಂಗಳೂರಿಗೆ ಬರಬೇಕಿಲ್ಲ, ಮಂಡ್ಯದಲ್ಲೇ ಕೇಸು ಹಾಕಬಹುದು.

ಗಡುವಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. 1994ರಲ್ಲಿ ಸಂಸತ್ತು ಈ ಅರ್ಜಿಗಳ ಕಾಲಮಿತಿಯನ್ನು ತೆಗೆದುಹಾಕಿತ್ತು. ವರ್ಷಗಳ ಮೇಲೆ ಹಾಕಿದ ಅರ್ಜಿಯನ್ನೂ ಕೋರ್ಟುಗಳು ಸ್ವೀಕರಿಸುತ್ತಿದ್ದವು. ಆ ಕಾಲದ ಅನುಭವವಿರುವ ಹಿರಿಯರು ಈಗಲೂ "ನಿಧಾನವಾಗಿ ಹಾಕಿದರಾಯಿತು" ಎನ್ನುತ್ತಾರೆ. 2019ರ ತಿದ್ದುಪಡಿ ಆರು ತಿಂಗಳ ಗಡುವನ್ನು ಮತ್ತೆ ತಂದಿದೆ, ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆದರೆ ಮಧ್ಯಂತರ ಆದೇಶವನ್ನು ನಂಬಿ ಕೂರುವಂತಿಲ್ಲ. ಪ್ಲಾಸ್ಟರ್ ಬಿಚ್ಚಿ, ನಡೆಯಲು ಕಲಿತು, ಕೆಲಸಕ್ಕೆ ಮರಳುವ ಹೊತ್ತಿಗೆ ಆರು ತಿಂಗಳು ಕಳೆದೇಹೋಗಿರುತ್ತದೆ.

ಇದೇ ತಿದ್ದುಪಡಿ ಇನ್ನೊಂದು ದಾರಿಯನ್ನೂ ತೆರೆಯಿತು. 164ನೇ ಕಲಂ ಪ್ರಕಾರ ಚಾಲಕನ ತಪ್ಪನ್ನು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಪಡೆಯಬಹುದು. ಬೇಗ ಕೈಗೆ ಬರುವ ಹಣ ಎಂದು ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಆ ಮೊತ್ತವನ್ನು ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಬೆರಳು ಮುರಿದವರಿಗೆ ಇದು ಲಾಭದ ಹಾದಿ ಇರಬಹುದು. ಕಾಲು ಕಳೆದುಕೊಂಡ ಮೂವತ್ತರ ಯುವಕ ಸಹಿ ಹಾಕುವ ಮೊದಲು ಮುಂದೆ ವಿವರಿಸಿರುವ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಆ ಲೆಕ್ಕದ ಅಡಿಪಾಯ ಎರಡು ತೀರ್ಪುಗಳು. ಎರಡನ್ನೂ ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್. ಮೊದಲನೆಯದು 2009ರ ಏಪ್ರಿಲ್ 15ರ ಸರ್ಲಾ ವರ್ಮಾ ಪ್ರಕರಣ. ಎದುರುದಾರರು ದೆಹಲಿ ಸಾರಿಗೆ ನಿಗಮ. 1988ರ ಏಪ್ರಿಲ್‌ನಲ್ಲಿ ಬಸ್ ಅಪಘಾತದಲ್ಲಿ ವಿಜ್ಞಾನಿಯೊಬ್ಬರು ತೀರಿಕೊಂಡಿದ್ದರು. ಕೊನೆಯ ತೀರ್ಪಿಗೆ ಕುಟುಂಬ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. ಆ ಕುಟುಂಬದ ಕಾಯುವಿಕೆಯಿಂದ ಮುಂದಿನವರಿಗೆಲ್ಲ ಒಂದು ಕೋಷ್ಟಕ ಸಿಕ್ಕಿತು. ವರ್ಷದ ಆದಾಯ ನಷ್ಟವನ್ನು ಎಷ್ಟರಿಂದ ಗುಣಿಸಬೇಕೆಂದು ಹೇಳುವ, ವಯಸ್ಸಿಗೆ ತಕ್ಕ ಗುಣಕ ಅದರಲ್ಲಿದೆ: 25ರವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳಿಯುತ್ತ 65 ದಾಟಿದವರಿಗೆ 5.

ಎರಡನೆಯದು 2010ರ ಅಕ್ಟೋಬರ್ 18ರ ರಾಜ್ ಕುಮಾರ್ ಪ್ರಕರಣ. ಗಾಯಾಳುಗಳ ಪಾಲಿಗೆ ಇದೇ ದೊಡ್ಡದು. ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಒಂದು, ದುಡಿಯುವ ಶಕ್ತಿಯಲ್ಲಿ ಆದ ನಷ್ಟ ಇನ್ನೊಂದು ಎಂದು ಅದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಗಾಯದ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಆದ್ದರಿಂದ ಮಂಡಳಿ ಮೊದಲು ಗಾಯಾಳು ಏನೇನು ಮಾಡಬಲ್ಲ, ಏನು ಮಾಡಲಾರ ಎಂದು ನೋಡಬೇಕು. ಆಮೇಲೆ ಅವನ ಹಿಂದಿನ ಕಸುಬು, ವಯಸ್ಸು ನೋಡಬೇಕು. ಅದೇ ಕಸುಬಿನಲ್ಲಿ ಮುಂದುವರಿಯಬಲ್ಲನೇ, ಬೇರೆ ಕೆಲಸದಿಂದಾದರೂ ಹೊಟ್ಟೆ ಹೊರೆಯಬಲ್ಲನೇ ಎಂಬುದು ಕೊನೆಗೆ. ಚಿಕಿತ್ಸೆ ಕೊಡದ ವೈದ್ಯರು ಸಿದ್ಧವಾಗಿ ಬರೆದುಕೊಡುವ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಲಿ ಎಂದೂ ಆ ತೀರ್ಪು ಹೇಳಿದೆ. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ಸಾಕ್ಷಿ ನುಡಿದರೆ ಅದರ ತೂಕವೇ ಬೇರೆ.

2020ರಲ್ಲಿ ದೆಹಲಿಯಿಂದ ಬಂದ ಪ್ರಕರಣವೊಂದರಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇಪ್ಪತ್ತರ ಹುಡುಗ, ಕಂಪ್ಯೂಟರ್‌ನಲ್ಲಿ ಟೈಪ್ ಮಾಡುವ ಕೆಲಸ, ಅಪಘಾತದಲ್ಲಿ ಕೈ ಹೋಯಿತು. ಹೈಕೋರ್ಟ್ ದುಡಿಮೆಯ ನಷ್ಟವನ್ನು ಶೇ 45 ಎಂದಿತ್ತು. ಟೈಪ್ ಮಾಡಿ ಬದುಕುವವನಿಗೆ ಕೈ ಇಲ್ಲದಿರುವುದು ಏನೆಂಬುದನ್ನು ನೋಡಿದ ಸುಪ್ರೀಂ ಕೋರ್ಟ್ ಅದನ್ನು ಶೇ 65ಕ್ಕೆ ಏರಿಸಿತು. ಮುಂದೆ ಆದಾಯ ಹೆಚ್ಚುವ ಸಾಧ್ಯತೆಯನ್ನು ಸಾವಿನ ಪ್ರಕರಣಗಳಲ್ಲಿ ಸೇರಿಸುವಂತೆ ಶಾಶ್ವತ ವೈಕಲ್ಯದ ಪ್ರಕರಣಗಳಲ್ಲೂ ಸೇರಿಸಬೇಕೆಂದಿತು.

ಒಂದು ಲೆಕ್ಕ ಹಾಕಿ ನೋಡೋಣ. 34 ವರ್ಷದ ಟೈಲರ್ ಹೆಂಗಸು, ತಿಂಗಳಿಗೆ 16,000 ರೂಪಾಯಿ ದುಡಿಮೆ ಎಂದಿಟ್ಟುಕೊಳ್ಳಿ. ಬಸ್ಸಿನಿಂದ ಬಿದ್ದು ಮಣಿಕಟ್ಟು ಸೆಟೆದುಕೊಂಡಿದೆ. ದುಡಿಯುವ ಶಕ್ತಿಯ ನಷ್ಟ ಶೇ 20 ಎಂದು ಮಂಡಳಿ ಒಪ್ಪಿದರೆ, 16,000ವನ್ನು 12ರಿಂದ, ಆಮೇಲೆ ಗುಣಕ 16ರಿಂದ ಗುಣಿಸಿ ಅದರ ಶೇ 20 ತೆಗೆದರೆ 6,14,400 ರೂಪಾಯಿ. ಸ್ವಂತ ದುಡಿಮೆಯ, ನಲವತ್ತರ ಒಳಗಿನವರಿಗೆ ಭವಿಷ್ಯದ ಆದಾಯವೆಂದು ಶೇ 40 ಸೇರಿಸಬೇಕೆಂದು 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಿಗದಿ ಮಾಡಿದೆ. ಅದನ್ನೂ ಸೇರಿಸಿದರೆ 8,60,160. ಇದು ಮುಂದಿನ ಆದಾಯ ನಷ್ಟದ ಬಾಬ್ತು ಮಾತ್ರ. ಆಸ್ಪತ್ರೆ ಖರ್ಚು, ಔಷಧಿ, ಓಡಾಟ, ನೋಡಿಕೊಂಡವರ ಖರ್ಚು, ಹಾಸಿಗೆಯಲ್ಲಿದ್ದ ತಿಂಗಳುಗಳ ಸಂಬಳ, ನೋವು ಸಂಕಟ, ಕೈತಪ್ಪಿದ ಸುಖಸೌಕರ್ಯ, ಮುಂದಿನ ಚಿಕಿತ್ಸೆ, ಇವು ಬೇರೆ ಬೇರೆ ಬಾಬ್ತುಗಳು. ಅದೇ ಹೆಂಗಸು ಕೋರ್ಟಿನಲ್ಲಿ "ಮನೆಯಲ್ಲೇ ಇದೀನಿ, ಏನೋ ಸ್ವಲ್ಪ ಹೊಲಿತೀನಿ" ಎಂದು ಸಂಕೋಚದಿಂದ ಹೇಳಿ, ಕೈ ತಿರುಗಿಸಲು ಆಗದೆ ಕತ್ತರಿ ಹಿಡಿಯಲಾರೆ ಎಂಬುದನ್ನು ಹೇಳದೇ ಹೋದರೆ ನಷ್ಟ ಶೇ 5ಕ್ಕೋ 8ಕ್ಕೋ ಇಳಿಯಬಹುದು.

ಸಂಬಳದ ಚೀಟಿ ಇಲ್ಲದವರು ಏನು ಮಾಡಬೇಕು? ಕರ್ನಾಟಕದ ಕೂಲಿಕಾರರೊಬ್ಬರು 2004ರ ಅಪಘಾತದ ಬಳಿಕ ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದಿದ್ದರು. ಮಂಡಳಿ 3,000 ಎಂದು ಹಿಡಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್, ಕೂಲಿಯವನಿಂದ ದಾಖಲೆ ನಿರೀಕ್ಷಿಸಲಾಗದು, ಆ ಕಾಲದ ಕೂಲಿಗೆ ಹೊಂದುವ ಪ್ರಾಮಾಣಿಕ ಮಾತನ್ನು ತಳ್ಳಿಹಾಕಲು ಕಾರಣವಿಲ್ಲ ಎಂದು 4,500ನ್ನೇ ಒಪ್ಪಿತು. ದಾಖಲೆ ಇಲ್ಲದಾಗ ಕರ್ನಾಟಕ ಹೈಕೋರ್ಟ್ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಅಂದಾಜು ಆದಾಯದ ಪಟ್ಟಿಯನ್ನು ನೋಡುವ ರೂಢಿಯಿದೆ. 2018ರ ಅಪಘಾತಗಳಿಗೆ ಅನೇಕ ತೀರ್ಪುಗಳು ತಿಂಗಳಿಗೆ 12,500 ರೂಪಾಯಿ ಹಿಡಿದಿವೆ. ಪಟ್ಟಿಗಿಂತ ಹೆಚ್ಚು ದುಡಿಯುತ್ತಿದ್ದವರು ಬ್ಯಾಂಕ್ ಪಾಸ್‌ಬುಕ್, ಯುಪಿಐ ವಿವರ, ಮೇಸ್ತ್ರಿಯ ಅಥವಾ ಗಿರಾಕಿಯ ಸಾಕ್ಷ್ಯ ತರಬೇಕು. ಗೃಹಿಣಿಯ ಕೆಲಸಕ್ಕೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಒತ್ತಿ ಹೇಳಿದೆ. ಮಕ್ಕಳ ವಿಷಯದಲ್ಲಿ ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಪ್ರಕರಣದಲ್ಲಿ 2013ರಲ್ಲಿ ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ 1 ಲಕ್ಷದಿಂದ 6 ಲಕ್ಷದವರೆಗೆ ಮೊತ್ತ ನಿಗದಿಯಾಯಿತು. ತೀವ್ರ ವೈಕಲ್ಯದ ಮಕ್ಕಳಿಗೆ ನಂತರದ ತೀರ್ಪುಗಳು ಇನ್ನೂ ಬಹಳ ಹೆಚ್ಚು ಕೊಟ್ಟಿವೆ.

ನಿಗಮದ ಕಡೆಯ ವಾದಗಳಲ್ಲಿ ಕೆಲವು ಬಹಳ ಹಳೆಯವು. ಪ್ರಯಾಣಿಕರು ಕೈ ಹೊರಗೆ ಹಾಕಿದ್ದರು ಎಂಬುದು ಒಂದು. ಎರಡು ಬಸ್ಸುಗಳು ಒಂದಕ್ಕೊಂದು ಉಜ್ಜಿಕೊಂಡು ಹೋಗಿ ಒಂದರಲ್ಲಿದ್ದ ಇಬ್ಬರ ಎಡಗೈ ತುಂಡಾದ ಪ್ರಕರಣ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಿತ್ತು. 1981ರ ಕಾನೂನು ವರದಿಯಲ್ಲಿ ಅದಿದೆ. ಘಟನೆಯೇ ಎರಡೂ ಬಸ್ಸಿನ ಚಾಲಕರ ನಿರ್ಲಕ್ಷ್ಯವನ್ನು ಸಾರುತ್ತದೆ ಎಂದು ಕೋರ್ಟ್ ಹೇಳಿತು. ಕಿಟಕಿಯ ಮೇಲೆ ಮೊಣಕೈ ಊರಿ ಕೂರುವುದು ಪ್ರಯಾಣಿಕರ ಸಹಜ ಅಭ್ಯಾಸ, ಎದುರು ವಾಹನ ದಾಟುವಾಗ ಚಾಲಕರು ಅದನ್ನು ಗಮನದಲ್ಲಿಟ್ಟು ಜಾಗ ಬಿಡಬೇಕು ಎಂದು ಮಧ್ಯಪ್ರದೇಶ ಹೈಕೋರ್ಟ್ 1974ರ ಹೊತ್ತಿಗೇ ಹೇಳಿತ್ತು. ಅಪಘಾತ ದೈವದ ಆಟ ಎಂಬ ವಾದಕ್ಕೂ ಹೆಚ್ಚು ಬಲವಿಲ್ಲ. ಕೆಎಸ್‌ಆರ್‌ಟಿಸಿ ಮೇಲ್ಮನವಿ ಹಾಕಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ಮಿಂಚು, ಬಿರುಗಾಳಿಯಂಥ ಮನುಷ್ಯನ ಕೈವಾಡವಿಲ್ಲದ ಪ್ರಕೃತಿಯ ಕ್ರಿಯೆಗೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂದು ವಿವರಿಸಿತು. ಇನ್ನು ಪುರಾವೆಯ ಪ್ರಶ್ನೆ. ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕಿಲ್ಲ, ಹೀಗೇ ನಡೆದಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು. 2009ರಲ್ಲಿ ಹಿಮಾಚಲದ ಸಾರಿಗೆ ನಿಗಮದ ವಿರುದ್ಧದ ಪ್ರಕರಣದಲ್ಲಿ ಇದು ಸ್ಪಷ್ಟವಾಗಿದೆ.

ಹಾಗೆಂದು ಗಾಯಾಳುವಿನ ತಪ್ಪು ಎಂದೂ ಲೆಕ್ಕಕ್ಕೆ ಬರುವುದಿಲ್ಲವೆಂದಲ್ಲ. ಓಡುವ ಬಸ್ಸಿಗೆ ಹಾರಿ ಹತ್ತಲು ಹೋಗಿ ಬಿದ್ದವರಿಗೆ, ಅವರ ಪಾಲಿನ ನಿರ್ಲಕ್ಷ್ಯ ಎಷ್ಟೆಂದು ಅಳೆದು ಅಷ್ಟು ಭಾಗ ಕಡಿತ ಮಾಡುತ್ತಾರೆ. ಆದರೆ ಕಡಿತ ಬೇರೆ, ಕೇಸೇ ಇಲ್ಲ ಎನ್ನುವುದು ಬೇರೆ.

ವಕೀಲರ ಶುಲ್ಕದ ಬಗ್ಗೆ ಜನ ಹೆಚ್ಚು ಮಾತಾಡುವುದಿಲ್ಲ, ಮಾತಾಡಲೇಬೇಕು. ಆಸ್ಪತ್ರೆಯ ವಾರ್ಡಿಗೇ ಬಂದು ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳಿದ್ದಾರೆ. "ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಎಂಬ ಮಾತು ಬಡವರಿಗೆ ಅನುಕೂಲವೆಂದೇ ಕಾಣುತ್ತದೆ. ಆದರೆ ಪರಿಹಾರದ ಮೊತ್ತದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. 2017ರಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ, ಅಪಘಾತ ಪರಿಹಾರದ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಕೇಳಿದ ಶುಲ್ಕ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಶುಲ್ಕ ಎಷ್ಟೆಂದು ಮೊದಲೇ ಮಾತಾಡಿ ರಸೀದಿ ಪಡೆಯುವುದರಲ್ಲಿ ಮುಜುಗರ ಪಡುವಂಥದ್ದೇನಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಅದೇ ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ಗಳಲ್ಲಿ ಬಸ್ ಅಪಘಾತದ ಕೇಸುಗಳು ರಾಜಿಯಾಗುತ್ತವೆ. ಹಣ ಬೇಗ ಬರುತ್ತದೆ, ಮೇಲ್ಮನವಿಯ ಅಲೆದಾಟವಿಲ್ಲ. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಗಾಯಾಳುವೂ ಮೇಲ್ಮನವಿ ಹೋಗುವಂತಿಲ್ಲ. ತನ್ನ ಕೇಸಿನ ಲೆಕ್ಕ ಸುಮಾರು ಎಷ್ಟಕ್ಕೆ ನಿಲ್ಲುತ್ತದೆ ಎಂದು ತಿಳಿದು ಕೂತವರಿಗೆ ಅದಾಲತ್ ಒಳ್ಳೆಯ ಜಾಗ. ತಿಳಿಯದೆ ಕೂತವರು ಮೊದಲು ಹೇಳಿದ ಮೊತ್ತಕ್ಕೇ ತಲೆಯಾಡಿಸುತ್ತಾರೆ.

ಕಾಲಿಗೆ ಹಾಕಿದ ರಾಡು, ಪ್ಲೇಟು ತೆಗೆಸಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಿದ್ದರೆ ಅದರ ಅಂದಾಜನ್ನು ವೈದ್ಯರಿಂದ ಬರೆಸಿ ಕೇಸು ನಡೆಯುವಾಗಲೇ ಹಾಜರುಪಡಿಸಬೇಕು. ಪರಿಹಾರ ಒಮ್ಮೆ ಮಾತ್ರ ತೀರ್ಮಾನವಾಗುತ್ತದೆ, ಖರ್ಚು ಬಂದಾಗಲೆಲ್ಲ ಮತ್ತೆ ಕೇಳಲು ಅವಕಾಶವಿಲ್ಲ ಎಂದು ಕರ್ನಾಟಕದ ನಾಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಹೇಳಿದೆ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು ನ್ಯಾಯವೆನಿಸಿದರೆ ಮಂಡಳಿ ಹೆಚ್ಚೇ ಕೊಡಬಹುದು ಎಂದೂ ಅದೇ ತೀರ್ಪು ಹೇಳಿತು. ಅರ್ಜಿ ಬರೆಯುವಾಗ ಮೊತ್ತ ಕಡಿಮೆ ಹಾಕಿಬಿಟ್ಟೆವಲ್ಲ ಎಂದು ಕೊರಗುವವರಿಗೆ ಇದು ಸಮಾಧಾನ.

ತೀರ್ಪು ಬಂದರೆ ಹಣ ಬಂತೆಂದಲ್ಲ. ಮೊತ್ತ ಸಾಲದೆನಿಸಿದ ಗಾಯಾಳುವಾಗಲಿ ಹೆಚ್ಚಾಯಿತೆನ್ನುವ ನಿಗಮವಾಗಲಿ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಮೇಲ್ಮನವಿಯೂ ಇಲ್ಲದೆ, ಹಣವನ್ನೂ ಕಟ್ಟದೆ ನಿಗಮ ಸುಮ್ಮನಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಕೋರ್ಟಿನ ಅಮೀನರು ನಿಲ್ದಾಣಕ್ಕೆ ಬಂದು, ಪ್ರಯಾಣಿಕರನ್ನು ಇಳಿಸಿ, ಬಸ್ಸನ್ನು ಜಪ್ತಿ ಮಾಡಿದ ಸುದ್ದಿಗಳು ರಾಜ್ಯದ ನಾನಾ ಊರುಗಳಿಂದ ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇವೆ. ನಿಗಮಕ್ಕೂ ಪ್ರಯಾಣಿಕರಿಗೂ ಹಿತವಲ್ಲದ ಈ ಸ್ಥಿತಿ ಬರುವುದು ಯಾರದೋ ಹಠದಿಂದಲ್ಲ, ಕೊಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಡದಿರುವುದರಿಂದ. ತಡವಾದಷ್ಟೂ ಬಡ್ಡಿ ಏರುತ್ತದೆ, ಅದೂ ಸಾರ್ವಜನಿಕರ ದುಡ್ಡೇ.

ಕೋರ್ಟಿಗೆ ಕಟ್ಟಿದ ಹಣದಲ್ಲಿ ಒಂದು ಪಾಲನ್ನು ಗಾಯಾಳುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿ ಉಳಿದದ್ದನ್ನು ಬಿಡುಗಡೆ ಮಾಡುವುದು ರೂಢಿ. ಚಿಕಿತ್ಸೆಗೋ ಮಗಳ ಓದಿಗೋ ತುರ್ತಾಗಿ ಬೇಕಾದರೆ ಕಾರಣ ತೋರಿಸಿ ಠೇವಣಿಯನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು. ಪರಿಹಾರದ ಹಣವನ್ನು ನೇರವಾಗಿ ಹಕ್ಕುದಾರರ ಖಾತೆಗೇ ಜಮಾ ಮಾಡುವ ವ್ಯವಸ್ಥೆ ಬರಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿರ್ದೇಶಿಸಿದೆ. ಹಾಗಾಗಿ ಅರ್ಜಿ ಹಾಕುವಾಗಲೇ ಗಾಯಾಳುವಿನ ಸ್ವಂತ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನು ಇತರ ದಾಖಲೆಗಳ ಜೊತೆ ಇಡಬೇಕು. ಖಾತೆ ಇಲ್ಲದಿದ್ದರೆ ಕೇಸು ಮುಗಿಯುವ ತನಕ ಕಾಯದೆ ಈಗಲೇ ತೆರೆಸಬೇಕು.